ಸಾಯುವವಳಿಗೆ ಕೊಟ್ಟ ಭಾಷೆ

ನಾನು ಪಿಎಚ್‌.ಡಿ.ಗೆ ಆರಿಸಿಕೊಂಡ ಕಾದಂಬರಿಯನ್ನು ಇವತ್ತು ಇಂಗ್ಲೆಂಡಿನಲ್ಲೂ ಯಾರೂ ಓದುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಬ್ಬ ಪಾದ್ರಿಯ ಮಗಳು ಬರೆದ, ಮೂರು ಸಂಪುಟಗಳ ಕಥೆ ಅದು. ಆಗ ಮನೆಮನೆಯಲ್ಲಿ ಓದಿದರಂತೆ, ನಾಟಕ ಮಾಡಿ ಆಡಿದರಂತೆ, ಆಮೇಲೆ ಮರೆತರಂತೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ನಮ್ಮ ಮನೆಯಲ್ಲಿ, ಅಪ್ಪ ರೈಸ್‌ಮಿಲ್ಲಿನಿಂದ ಬಂದು ತಲೆಯ ಮೇಲಿನ ತೌಡಿನ ಪುಡಿ ಕೊಡವಿಕೊಳ್ಳುವ ಹೊತ್ತಿಗೆ, ನಾನು ಕೂಲರಿನ ಮುಂದೆ ಕೂತು ಆ ಕಾದಂಬರಿಯ ಹಾಳೆಗಳನ್ನು ಹರಡಿಕೊಂಡಿರುತ್ತಿದ್ದೆ. ಹಾರಿಹೋಗದಂತೆ ಅವ್ವ ಅವುಗಳ ಮೇಲೆ ಲಟ್ಟಣಿಗೆ ತಂದು ಇಡುತ್ತಿದ್ದಳು.

ಒಂದು ದಿನ ಅವಳೇ ಕೇಳಿದಳು: "ವರ್ಷಗಟ್ಟಲೆ ಓದಾಕತ್ತೀದಿ. ಅದರಾಗ ಏನ್ ಅದ ಅಂತ ನನಗೂ ಒಂದಿಷ್ಟು ಹೇಳವಾ."

ಹೇಳಿದೆ. ಉತ್ತರ ಇಂಗ್ಲೆಂಡಿನ ಒಂದು ಊರು, ಅಲ್ಲಿ ಉಣ್ಣೆಯ ಗಿರಣಿಗಳು. ದೊಡ್ಡ ಗಿರಣಿಯ ಯಜಮಾನಿಗೆ ವಯಸ್ಸಾಗಿ ಕಣ್ಣು ಹೋಗಿವೆ. ಅವಳಿಗೆ ಓದಿ ಹೇಳಲು ಒಬ್ಬ ಬಡ ರೈತನ ಮಗಳನ್ನು ಮನೆಗೆ ಕರೆಸುತ್ತಾರೆ. ಮುದುಕಿ ಆ ಹುಡುಗಿಯ ದನಿಗೆ ಎಷ್ಟು ಒಗ್ಗಿಹೋಗುತ್ತಾಳೆಂದರೆ, ಅದನ್ನು ಕೇಳದೆ ಅವಳಿಗೆ ನಿದ್ದೆ ಬಾರದು. ಅಷ್ಟರಲ್ಲಿ ವಸಾಹತಿನಲ್ಲಿದ್ದ ಮಗ ಮನೆಗೆ ಮರಳುತ್ತಾನೆ. ಅವನೂ ಆ ದನಿಯನ್ನು ಕೇಳತೊಡಗುತ್ತಾನೆ. ಕಣ್ಣಿಲ್ಲದಿದ್ದರೂ ತಾಯಿಗೆ ಅದು ತಿಳಿಯುತ್ತದೆ. ಸಾಯುವ ಮುಂಚೆ ಹುಡುಗಿಯ ಕೈಹಿಡಿದು, ನನ್ನ ಮಗನನ್ನು ಎಂದೂ ಮದುವೆಯಾಗುವುದಿಲ್ಲವೆಂದು ಮಾತು ಕೊಡು ಎನ್ನುತ್ತಾಳೆ. ಹುಡುಗಿ ಕೊಡುತ್ತಾಳೆ. ಉಳಿದ ಎರಡು ಸಂಪುಟಗಳ ಉದ್ದಕ್ಕೂ ಅವಳು ಆ ಮಾತನ್ನು ಹೊತ್ತುಕೊಂಡು ದೂರದ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಕಡೆಗೆ ಒಬ್ಬ ಪಾದ್ರಿ ಬಂದು, ಬಲವಂತದಿಂದ ಪಡೆದ ಮಾತನ್ನು ದೇವರು ಎಣಿಸುವುದಿಲ್ಲ ಎಂದು ಬಿಡುಗಡೆ ಕೊಡುತ್ತಾನೆ. ಮದುವೆಯಾಗುತ್ತದೆ.

ಅವ್ವ "ಆ ಪಾದ್ರಿ ಮೊದಲ ಬಂದಿದ್ರ ಒಂದ ಪುಸ್ತಕದಾಗ ಮುಗೀತಿತ್ತಲ್ಲ" ಎಂದಳು. ಆಮೇಲೆ ರೊಟ್ಟಿ ಬಡಿಯಲು ಲಟ್ಟಣಿಗೆ ಬೇಡವಾದರೂ ಅದನ್ನು ತೆಗೆದುಕೊಂಡು ಹೋದಳು, ಚಪಾತಿ ಮಾಡುವ ಮನಸ್ಸಾಯಿತೇನೋ.

ನನ್ನ ಸಂಶೋಧನೆ ಇದ್ದದ್ದು ಆ ಕಾದಂಬರಿಯ ಬಗ್ಗೆ ಅಲ್ಲ, ಅದರ ರೂಪಾಂತರಗಳ ಬಗ್ಗೆ. ಪುಸ್ತಕದಿಂದ ರಂಗಕ್ಕೆ ಹೋದಾಗ ಸಾಯುವವಳಿಗೆ ಕೊಟ್ಟ ಆ ಮಾತು ಏನಾಯಿತು ಎಂದು ನೋಡುವುದು. ಒಂದು ನಾಟಕದಲ್ಲಿ ಮುದುಕಿ ಸಾಯುವುದೇ ಇಲ್ಲ. ಕೊನೆಯ ಅಂಕದಲ್ಲಿ ಹಾಸಿಗೆಯಿಂದೆದ್ದು ಬಂದು ತಾನೇ ಇಬ್ಬರ ಕೈ ಕೂಡಿಸುತ್ತಾಳೆ. ಇನ್ನೊಂದರಲ್ಲಿ ಹುಡುಗಿ ದೊಡ್ಡ ಮನೆತನದವಳೆಂದು ಗೊತ್ತಾಗಿ, ಮಾತಿಗೆ ಕಾರಣವೇ ಇಲ್ಲದಂತಾಗುತ್ತದೆ. ನಾನು ಅವನ್ನು ಪಕ್ಕಪಕ್ಕ ಇಟ್ಟು ಅಧ್ಯಾಯಗಳನ್ನು ಬರೆಯುತ್ತಿದ್ದೆ. ಬರೆದದ್ದನ್ನು ನನ್ನ ಮಾರ್ಗದರ್ಶಕರು ಓದುತ್ತಿದ್ದರು. ಅವರು ನಿವೃತ್ತಿಗೆ ಹತ್ತಿರವಾದ, ಯಾರ ಮೇಲೂ ದನಿ ಏರಿಸದ ಮನುಷ್ಯ. ಎರಡನೆಯ ಅಧ್ಯಾಯ ಕೈಗೆ ವಾಪಸು ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಎಲ್ಲಾ ಬರೋಬ್ಬರಿ ಅದ. ಆದ್ರ ಓದಿ ಮುಗಿಸಿದ ಮ್ಯಾಲೆ ನನಗ ಏನೂ ನೆನಪ ಉಳೀಲಿಲ್ಲ ನೋಡ್ರಿ."

ಅವರು ಹೇಳಿದ್ದು ನಿಜ ಎಂದು ನನಗೂ ಗೊತ್ತಿತ್ತು. ಅದಕ್ಕೇ ಹೆಚ್ಚು ಬೇಜಾರಾಯಿತು.

ಆಗ ನಾನು ಮಾನ್ವಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷ್ ಕಲಿಸುತ್ತಿದ್ದೆ. ಬೆಳಿಗ್ಗೆ ರಾಯಚೂರಿನಿಂದ ಬಸ್ಸು. ಕಲ್ಮಲ ದಾಟುವವರೆಗೆ ನಿಂತೇ ಇರಬೇಕು, ಆಮೇಲೆ ಯಾರಾದರೂ ಇಳಿದರೆ ಕೂರಲು ಜಾಗ. ಆ ಚಳಿಗಾಲದಲ್ಲಿ ಪ್ರಾಂಶುಪಾಲರು ಕರೆದು, ದೇವದುರ್ಗದಲ್ಲಿ ಕಾಲೇಜುಗಳ ಸಾಂಸ್ಕೃತಿಕ ಸ್ಪರ್ಧೆ ಇದೆ, ನಮ್ಮ ಹುಡುಗಿಯರಿಂದ ಒಂದು ನಾಟಕ ಮಾಡಿಸಿ ಎಂದರು. ಸಿದ್ಧ ನಾಟಕ ಹುಡುಕುವ ಬದಲು ನನ್ನ ಕಾದಂಬರಿಯನ್ನೇ ಏಕೆ ಮಾಡಬಾರದು ಎನ್ನಿಸಿತು. ಮಾರ್ಗದರ್ಶಕರಿಗೆ ಫೋನು ಮಾಡಿದೆ. "ನಾಟಕ ಮಾಡಸೋದು ಸಂಶೋಧನೆ ಅಲ್ರಿ" ಎಂದರು. ಆಮೇಲೆ, "ಆದ್ರ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ" ಎಂದೂ ಸೇರಿಸಿದರು.

ಮೊದಲ ದಿನವೇ ಹುಡುಗಿಯರು ನನ್ನ ಹಸ್ತಪ್ರತಿಯನ್ನು ಚಿಂದಿ ಮಾಡಿದರು. ಕಾದಂಬರಿಯಲ್ಲಿ ಮುದುಕಿ ಯಾವಾಗಲೂ ಅಗ್ಗಿಷ್ಟಿಕೆಯ ಮುಂದೆ ಕೂತಿರುತ್ತಾಳೆ. ನಾನೂ ಹಾಗೇ ಬರೆದಿದ್ದೆ. "ನಮ್ಮೂರಾಗ ಬೆಂಕಿ ಮುಂದ ಯಾರ್ ಕುಂದ್ರತಾರ್ರಿ ಮೇಡಂ? ಬೆಂಕ್ಯಾಗ ಕುಂತಂಗನ ಇರತದ" ಎಂದು ಒಬ್ಬಳು ನಕ್ಕಳು. ಮುದುಕಿಯನ್ನು ಬೇವಿನ ಮರದ ಕೆಳಗಿನ ಹಗ್ಗದ ಹೊರಸಿಗೆ ವರ್ಗ ಮಾಡಿದೆವು. ಉಣ್ಣೆಯ ಗಿರಣಿ ಅಕ್ಕಿಯ ಗಿರಣಿಯಾಯಿತು. ಮಗ ವಸಾಹತಿನ ಬದಲು ಹೈದರಾಬಾದಿನಿಂದ ಬಂದ. ಮುದುಕಿಗೆ ಹುಡುಗಿ ಓದಿ ಹೇಳುವುದೇನು ಎಂಬ ಪ್ರಶ್ನೆ ಬಂದಾಗ, ಪುರಾಣ ಎಂದು ಕೆಲವರು ಹೇಳಿದರು. ಮುದುಕಿಯ ಪಾತ್ರ ಮಾಡುತ್ತಿದ್ದವಳು ಮಾತ್ರ, "ನಮ್ಮಜ್ಜಿಗ ಪೇಪರಿನಾಗ ಸತ್ತೋರ ಸುದ್ದಿನ ಬೇಕು. ಅದನ್ನ ಮೊದಲ ಓದಸ್ತಾಳ" ಎಂದಳು. ಅದೇ ಉಳಿಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಆ ಒಂದು ಮಾತು. ನಾನು 'ವಾಗ್ದಾನ' ಎಂದು ಬರೆದಿದ್ದೆ. ಯಾರ ಬಾಯಲ್ಲೂ ಅದು ಹೊರಳಲಿಲ್ಲ. 'ಪ್ರಾಮಿಸ್' ಅಂದರೆ ಚಾಕೊಲೇಟಿಗೆ ಮಕ್ಕಳು ಹೇಳಿದಂತಾಯಿತು. ಆಗ ನಾಯಕಿಯ ಪಾತ್ರದ ಹುಡುಗಿ, "ಭಾಷಿ ಕೊಡು ಅಂತಾರಲ್ರಿ ನಮ್ ಕಡೆ" ಎಂದಳು. ನಾನೂ ಚಿಕ್ಕಂದಿನಿಂದ ಕೇಳಿದ್ದ ಪದವೇ. ಆದರೆ ಕ್ಲಾಸಿನಲ್ಲಿ ಭಾಷೆ, ಭಾಷಾಂತರ ಎಂದು ಹೇಳಿ ಹೇಳಿ, ಆಣೆಯಿಟ್ಟು ಕೊಡುವ ಭಾಷೆಯೂ ಒಂದಿದೆ ಎನ್ನುವುದನ್ನು ಮರೆತಿದ್ದೆ.

ಆ ಹುಡುಗಿ ಮಾನ್ವಿ ದಾರಿಯ ಕುರ್ಡಿ ಎಂಬ ಹಳ್ಳಿಯವಳು. ಅವರದು ಕುರಿ ಸಾಕುವ, ಜೊತೆಗೆ ಒಂದಿಷ್ಟು ಹೊಲವನ್ನೂ ಮಾಡುವ ಮನೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಬಿಡದವಳು, ವೇದಿಕೆಯ ಮೇಲೆ ನಿಂತರೆ ಅವಳ ದನಿ ಕಾಲೇಜಿನ ಗೇಟಿನವರೆಗೆ ಕೇಳುತ್ತಿತ್ತು. ಕೂಗುತ್ತಿರಲಿಲ್ಲ, ಮಾತಾಡಿದ್ದೇ ಅಷ್ಟು ದೂರ ಹೋಗುತ್ತಿತ್ತು. ಹೊಲದಲ್ಲಿ ಅಪ್ಪನ ಜೊತೆ ಕುರಿ ಕರೆದು ಕರೆದು ಬಂದ ದನಿ ಎಂದು ಗೆಳತಿಯರು ಚೇಷ್ಟೆ ಮಾಡುತ್ತಿದ್ದರು.

ಸ್ಪರ್ಧೆಗೆ ಮೂರು ವಾರ ಇದ್ದಾಗ ಅವಳು ಬರುವುದನ್ನು ನಿಲ್ಲಿಸಿದಳು. ಫೋನಿಗೆ ಸಿಗಲಿಲ್ಲ. ಅವರಪ್ಪ ಬೇಡ ಎಂದಿದ್ದಾನಂತೆ ಎಂದು ಗೆಳತಿಯೊಬ್ಬಳು ತಿಳಿಸಿದಳು. ಮರುದಿನ ಕಾಲೇಜು ಮುಗಿಸಿ ವಾಪಸು ಬರುವಾಗ ಕುರ್ಡಿ ಕ್ರಾಸಿನಲ್ಲಿ ಇಳಿದೆ. ಟಂಟಂ ಆಟೋದಲ್ಲಿ, ಕುರಿಹಿಂಡಿನ ಹಿಕ್ಕೆ ಬಿದ್ದಿದ್ದ ದಾರಿಯಲ್ಲಿ ಊರೊಳಗೆ ಹೋಗಿ ಮನೆ ಕೇಳಿದೆ.

ಅಂಗಳದಲ್ಲಿ ಹುಡುಗಿಯ ಅವ್ವ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, "ಬರ್ರಿ ಅಕ್ಕೋರೆ, ಕುಂದ್ರಿ" ಎಂದು ಕಂಬಳಿ ಹಾಸಿದಳು. ಅಪ್ಪ ಕುರಿಮರಿಗಳನ್ನು ಬುಟ್ಟಿಯಡಿ ಮುಚ್ಚಿ ಬಂದು ಎದುರಿಗೆ ಕಲ್ಲಿನ ಮೇಲೆ ಕೂತ. ಉದ್ದನೆಯ, ತೆಳ್ಳನೆಯ ಮನುಷ್ಯ. ಹೆಗಲ ಮೇಲೆ ಟವೆಲ್ಲು. ಹುಡುಗಿ ಬಾಗಿಲ ಬಳಿ ನಿಂತಳು.

"ಕಾಕಾ, ನಿಮ್ ಮಗಳು ಭಾಳ ಚಂದ ಮಾಡಾಕತ್ತಿದ್ದಳು. ಯಾಕ ಬಿಡಿಸಿದ್ರಿ?" ಎಂದೆ.

"ಬಸ್ ತಪ್ಪತಾವ್ರಿ ಅಕ್ಕೋರೆ. ಕತ್ತಲ ಆಗತದ. ಅದರ ಮ್ಯಾಲೆ ನಾಟಕ ಅಂದ್ರ ಊರಾಗ ಮಂದಿ ಒಂದ್ ಮಾತ್ ಅಂತಾರ."

"ಬಸ್ಸಿಗೆ ನಾನೇ ಕೂಡಿಸಿ ಕಳಸ್ತೀನಿ. ಇದೇ ದಾರ್ಯಾಗ ನಾನೂ ಬರ್ತೀನಲ್ಲ."

ಅವನು ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಹಂಗಾದ್ರ ಮೊದಲ ಕಥಿ ಹೇಳ್ರಿ. ಏನ್ ಕಥಿ ಅಂತ ಗೊತ್ತಿಲ್ದ ಮಗಳ್ನ ಹ್ಯಾಂಗ ಕಳಸಲಿ?" ಎಂದ.

ನ್ಯಾಯವಾದ ಮಾತು. ಹೇಳತೊಡಗಿದೆ. ಇಂಗ್ಲೆಂಡಿನಿಂದಲೇ ಶುರು ಮಾಡಿದೆ. ಆದರೆ ಎರಡು ವಾಕ್ಯದೊಳಗೆ ಇಂಗ್ಲೆಂಡು ನನ್ನ ಬಾಯಿಂದ ಜಾರಿಹೋಯಿತು. ಅವನ ಮುಖ ನೋಡುತ್ತಾ ಹೇಳುವಾಗ, ಎಲ್ಲಿ ಅವನು ತಲೆ ಆಡಿಸುತ್ತಾನೋ ಅಲ್ಲಿ ನಿಲ್ಲುತ್ತಿದ್ದೆ, ಎಲ್ಲಿ ಅವನ ಕಣ್ಣು ಬೇರೆ ಕಡೆ ಹೋಗುತ್ತದೋ ಅಲ್ಲಿ ಬೇಗ ದಾಟುತ್ತಿದ್ದೆ. ಪಕ್ಕದ ಮನೆಯ ಹೆಂಗಸರಿಬ್ಬರು ಬಂದು ಶೇಂಗಾ ಬಿಡಿಸಲು ಕೂತರು. ಕುರುಡಿ ಮುದುಕಿ, ಅವಳಿಗೆ ಓದುವ ಹುಡುಗಿ, ಊರಿಗೆ ಮರಳಿದ ಮಗ ಎಲ್ಲ ಬಂದರು. ಮಗ ಬೇವಿನ ಮರದ ಹಿಂದೆ ನಿಂತು ಕೇಳುತ್ತಿದ್ದ ಎಂದಾಗ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು.

"ಸಾಯೂ ಮುಂದ ಮುದುಕಿ ಹುಡುಗಿ ಕೈ ಹಿಡದು ಭಾಷಿ ಕೇಳಿದಳು" ಎಂದೆ. "ನನ್ನ ಮಗನ್ನ ನೀ ಮದಿವಿ ಆಗಂಗಿಲ್ಲ ಅಂತ. ಹುಡುಗಿ ಕೊಟ್ಟಳು."

ಹುಡುಗಿಯ ಅವ್ವನ ಕೈ ನಿಂತಿತು. ಅವಳು ಗಂಡನತ್ತ ನೋಡಿದಳು, ಕೂಡಲೇ ಕಣ್ಣು ಕೆಳಗೆ ಹಾಕಿದಳು. ಅವನು ಎದ್ದು ಕುರಿಮರಿಗಳ ಬುಟ್ಟಿಯ ಹತ್ತಿರ ಹೋದ. ಮುಚ್ಚಿದ್ದ ಬುಟ್ಟಿಯನ್ನು ತೆಗೆದು ಮತ್ತೆ ಮುಚ್ಚಿದ. ಕಥೆ ಬೇಸರ ತರಿಸಿತೆಂದು ನಾನು ನಿಲ್ಲಿಸಿದೆ. ಬೆನ್ನು ಈ ಕಡೆ ಇದ್ದ ಹಾಗೇ ಅವನು ಕೇಳಿದ: "ಕಡೀಕ ಆಕಿ ಏನ್ ಮಾಡಿದಳ್ರಿ?"

"ಒಬ್ಬ ಪಾದ್ರಿ ಬಂದು, ಆ ಭಾಷಿಯಿಂದ ಆಕಿನ್ನ ಬಿಡಸಿದ."

"ಕೊಟ್ಟಾಕಿ ಈಕಿ. ತಗೊಂಡಾಕಿ ಸತ್ತಾಳ. ನಡುವ ಬಿಡಸಾಕ ಅಂವ ಯಾರು?"

"ಕೊಟ್ಟಿದ್ದೇ ತಪ್ಪು" ಎಂದಳು ಶೇಂಗಾ ಬಿಡಿಸುತ್ತಿದ್ದ ಹೆಂಗಸೊಬ್ಬಳು. "ಸಾಯೋರು ಏನರ ಕೇಳತಾರ. ಹೂಂ ಅನಬೇಕು, ಬಿಡಬೇಕು."

"ಹಂಗ ಬಿಡಾಕ ಬರ್ತದೇನು?" ಎಂದಳು ಇನ್ನೊಬ್ಬಳು. "ಕೈಯಾಗ ಕೈ ಇಟ್ಟಾಳಂತ. ನಾ ಆಗಿದ್ರ ಮದಿವೀನ ಆಗ್ತಿದ್ದಿಲ್ಲ. ಹಾಯಾಗಿ ಶಾಲಿ ಕಲಸಕೊಂತ ಇರತಿದ್ದೆ."

ಇಬ್ಬರೂ ದನಿ ಏರಿಸಿ ವಾದಕ್ಕೆ ಬಿದ್ದರು. ಹುಡುಗಿಯ ಅವ್ವ ಮಾತ್ರ ನನಗೆ ಚಹಾ ತರಲು ಒಳಗೆ ಹೋದಳು. ಚಹಾ ಕುಡಿದು ಏಳುವಾಗ ಅಪ್ಪ ಬಂದು, "ಕಳಸ್ತೀನ್ರಿ. ಹೊತ್ತ ಮುಣುಗೂದ್ರಾಗ ಮನ್ಯಾಗ ಇರಬೇಕು, ಅಷ್ಟ" ಎಂದ.

ಕ್ರಾಸಿನವರೆಗೆ ಹುಡುಗಿ ನನ್ನ ಜೊತೆ ನಡೆದು ಬಂದಳು. ದಾರಿಯಲ್ಲಿ ಅವಳೇ ಬಾಯಿಬಿಟ್ಟಳು. ಅವರ ಅಂಗಳದ ಗೋಡೆಯ ಆ ಕಡೆ ಇರುವುದು ಅವಳ ಕಾಕಾನ, ಎಂದರೆ ಅಪ್ಪನ ತಮ್ಮನ ಮನೆ. ಕಾಕಾ ಹತ್ತಿ ಮಿಲ್ಲಿನ ಕೆಲಸಕ್ಕೆ ಹೋದಾಗ ಗದ್ವಾಲ ಕಡೆಯ ತೆಲುಗು ಹೆಣ್ಣುಮಗಳನ್ನು, ಯಾರನ್ನೂ ಕೇಳದೆ ಮದುವೆಯಾಗಿ ಕರೆತಂದಿದ್ದ. ಅಜ್ಜಿ ಅದನ್ನು ಕಡೆಯವರೆಗೂ ಒಪ್ಪಲಿಲ್ಲ. ಸಾಯುವಾಗ ದೊಡ್ಡ ಮಗನ ಕೈಹಿಡಿದು, ಅವನ ಹೊಸ್ತಿಲು ತುಳಿಯುವುದಿಲ್ಲ, ಅವನ ಮನೆಯ ನೀರು ಮುಟ್ಟುವುದಿಲ್ಲ ಎಂದು ಭಾಷೆ ತೆಗೆದುಕೊಂಡಳು.

"ನಾನು ಆಗ ಸಣ್ಣಾಕಿರಿ. ಆವಾಗಿನಿಂದ ನಮ್ಮಪ್ಪ ಕಾಕಾನ ಕೂಡ ಮಾತಾಡಿಲ್ಲ. ನಮ್ಮವ್ವ ಗೋಡಿ ಮ್ಯಾಲಿಂದ ಪಲ್ಯ ಕೊಡ್ತಾಳ, ಚಿಗವ್ವ ಉಪ್ಪಿನಕಾಯಿ ಕೊಡ್ತಾಳ. ನಾವೆಲ್ಲಾ ಹೋಗ್ತೀವಿ ಬರ್ತೀವಿ. ಅಪ್ಪ ಏನೂ ಅನ್ನಂಗಿಲ್ಲ. ತಾನು ಮಾತ್ರ ಹೋಗಂಗಿಲ್ಲ."

ಇಂಗ್ಲೆಂಡಿನ ಮೂರು ಸಂಪುಟಗಳಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ಸಂಗತಿಯನ್ನು ಆ ಮನುಷ್ಯನ ಎದುರಿಗೇ ಕೂತು, ಬಣ್ಣ ಕಟ್ಟಿ ಹೇಳಿಬಂದಿದ್ದೆ.

"ಬ್ಯಾರೆ ನಾಟಕ ಮಾಡೂಣೇನು?" ಎಂದು ಕೇಳಿದೆ.

"ಬ್ಯಾಡ್ರಿ. ಕಥಿ ಪೂರ್ತಿ ಕೇಳಿನ ಕಳಸ್ತೀನಿ ಅಂದಾನಲ್ಲ. ಬದಲ ಮಾಡಿದ್ರ ಅವಗ ತಿಳೀತದ" ಎಂದಳು. ಆಮೇಲೆ ಬಸ್ಸು ಬಂತು.

ಮುಂದಿನ ವಾರವೆಲ್ಲ ತಾಲೀಮಿನಲ್ಲಿ ಕೊನೆಯ ದೃಶ್ಯದ್ದೇ ಗಲಾಟೆ. ಪಾದ್ರಿಯ ಜಾಗದಲ್ಲಿ ನಾನು ಮಠದ ಅಯ್ಯನವರನ್ನು ಇಟ್ಟಿದ್ದೆ. ಕಾವಿ ಬಟ್ಟೆಯೂ ಸಿದ್ಧವಾಗಿತ್ತು. ಆದರೆ ಅಯ್ಯನವರು ಬಂದು ನಿನ್ನ ಭಾಷೆ ಬಿಟ್ಟಿತು ಹೋಗು ಎಂದ ಕೂಡಲೇ ದೃಶ್ಯ ಸಪ್ಪಗಾಗುತ್ತಿತ್ತು. ಎಷ್ಟು ತಿದ್ದಿದರೂ ಆಗಲಿಲ್ಲ. ಕುರ್ಡಿಯ ಹುಡುಗಿ ಒಂದು ಮಧ್ಯಾಹ್ನ, ಎಲ್ಲರೂ ಮಂಡಾಳ ಒಗ್ಗರಣಿ ತಿನ್ನುತ್ತಾ ಕೂತಿದ್ದಾಗ, ತಟ್ಟೆ ಕೆಳಗಿಟ್ಟು ಹೇಳಿದಳು: "ಮೇಡಂ, ಬಾಯಿಲೆ ಕೊಟ್ಟಿದ್ದು ಬಾಯಿಲೇನ ವಾಪಸ್ ಕೊಡಬೇಕ್ರಿ. ಆಕಿ ಮುದುಕಿ ಸಮಾಧಿ ಮುಂದ ಹೋಗಿ ನಿಂದ್ರಲಿ. ಅಯ್ಯನೋರು ಬ್ಯಾಡ."

ಅಯ್ಯನವರ ಪಾತ್ರದವಳಿಗೆ ಸಿಟ್ಟು ಬಂತು. ಅವಳನ್ನು ಸಮಾಧಾನ ಮಾಡಿ ಮಗನ ಸ್ನೇಹಿತನ ಪಾತ್ರ ಕೊಟ್ಟೆವು. ಸಮಾಧಿಯ ಮುಂದಿನ ಮಾತುಗಳನ್ನು ನಾನು ಬರೆಯಲಿಲ್ಲ. ಅವಳು ನಿಂತು ಹೇಳುತ್ತಾ ಹೋದಳು. ಗೆಳತಿಯರು ಇದು ಹೆಚ್ಚಾಯಿತು, ಅದು ಸಾಲದು ಎನ್ನುತ್ತಾ ಹೋದರು. ಉಳಿದದ್ದನ್ನು ನಾನು ಬರೆದುಕೊಂಡೆ. ಮದುವೆಯನ್ನು ತೋರಿಸುವುದು ಬೇಡ, ಅಲ್ಲಿಗೇ ಮುಗಿಸೋಣ ಎಂದೂ ಅವರೇ ತೀರ್ಮಾನಿಸಿದರು.

ಮಾರ್ಗದರ್ಶಕರಿಗೆ ಇದನ್ನು ತಿಳಿಸಿದಾಗ, "ಮೂಲದಾಗ ಇಲ್ಲದ್ದು ಹಾಕೀರಿ, ಮೂಲದಾಗ ಇದ್ದ ಮದಿವಿ ತಗದೀರಿ. ಇನ್ನ ಉಳದದ್ದೇನು?" ಎಂದರು.

"ಸರ್, ಕೊಟ್ಟ ಭಾಷೆ ಉಳದದ" ಎಂದೆ.

"ನೋಡೂಣು" ಎಂದರು.

ದೇವದುರ್ಗದಲ್ಲಿ ನಮ್ಮ ಸರದಿ ಬಂದದ್ದು ಮಧ್ಯಾಹ್ನ ಊಟದ ನಂತರ. ತಗಡಿನ ಮಾಡಿನ ದೊಡ್ಡ ಹಾಲು. ಫೆಬ್ರುವರಿಯಲ್ಲೇ ಬಿಸಿಲು ಬೇಸಿಗೆಯ ಹಾಗೆ ಕುದಿಯುತ್ತಿತ್ತು. ಹೊಟ್ಟೆ ತುಂಬಿದ ಜನ ಅರ್ಧ ನಿದ್ದೆಯಲ್ಲಿದ್ದರು. ಪರದೆ ಸರಿಯುವ ಮುಂಚೆ ಕಣ್ಣಾಡಿಸಿದೆ. ಮುಂದಿನ ಸಾಲಿನ ಕೊನೆಯಲ್ಲಿ ಮಾರ್ಗದರ್ಶಕರು. ಬರುತ್ತೇನೆಂದು ಹೇಳಿರಲೇ ಇಲ್ಲ. ಹಿಂದೆ ಬಾಗಿಲ ಹತ್ತಿರ ಹುಡುಗಿಯ ಅಪ್ಪ, ಅವ್ವ. ಅವ್ವ ಕುರ್ಚಿಯ ಮೇಲೆ. ಅಪ್ಪ ಗೋಡೆಗೆ ಒರಗಿ ನಿಂತಿದ್ದ.

ಸತ್ತವರ ಸುದ್ದಿ ಓದುವ ದೃಶ್ಯಕ್ಕೆ ಜನ ಎಚ್ಚರಾದರು. ಮುದುಕಿ ಒಂದೊಂದು ಹೆಸರಿಗೂ "ಅಂವಾ? ಸಾಯಲಿಲ್ಲೇನು ಇಷ್ಟ್ ದಿನ?" ಎಂದು ಕೇಳಿದಾಗ ಹಾಲು ನಕ್ಕಿತು. ಮಗ ಬಂದ, ಮುದುಕಿ ಭಾಷೆ ಕೇಳಿದಳು, ಹುಡುಗಿ ಕೊಟ್ಟಳು. ಕೊನೆಯ ದೃಶ್ಯ ಶುರುವಾಗುವಾಗ ಕರೆಂಟು ಹೋಯಿತು. ಫ್ಯಾನು ನಿಂತವು, ಮೈಕು ಸತ್ತಿತು. ಸಂಘಟಕರು ತಡೆಯಿರಿ ಎಂದು ಕೈ ಮಾಡುತ್ತಿದ್ದರು. ಹುಡುಗಿ ತಡೆಯಲಿಲ್ಲ. ಮೈಕನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಸಮಾಧಿಯೆಂದು ನಾವು ಇಟ್ಟಿದ್ದ ಕಲ್ಲಿನ ಎದುರು ನಿಂತಳು. ಕಿಟಕಿಗಳಿಂದ ಬರುವ ಬೆಳಕಷ್ಟೇ ಇತ್ತು.

"ಯವ್ವಾ, ನೀ ಕೇಳಿದಿ, ನಾ ಕೊಟ್ಟೆ. ನಿನಗ ನಿದ್ದಿ ಹತ್ತಲಿ ಅಂತ ಕೊಟ್ಟೆ. ನಿನಗ ಹತ್ತೇದ, ನನಗ ಹತ್ತವಲ್ದು. ನಿನ್ನ ಭಾಷಿ ಬ್ಯಾರೆಯವರ ಕೈಯಾಗ ಕೊಡಲಿಲ್ಲ, ಬಯಲಾಗ ಒಗೀಲಿಲ್ಲ. ತಂದು ನಿನ್ನ ಮುಂದನ ಇಟ್ಟೀನಿ. ಸಿಟ್ಟ ಬಂದ್ರ ಬೈ. ಬೈದ್ರೂ ನಾ ಹೊಂಟೆ."

ಹೇಳಿ ಕಲ್ಲಿಗೆ ಹಣೆ ಹಚ್ಚಿ, ಎದ್ದು, ಹಿಂತಿರುಗಿ ನೋಡದೆ ಒಳಗೆ ನಡೆದಳು. ಕರೆಂಟು ಇಲ್ಲದ ಹಾಲಿನಲ್ಲಿ ಪ್ರತಿ ಅಕ್ಷರವೂ ಬಾಗಿಲವರೆಗೆ ಕೇಳಿತು. ನಾನು ಬದಿಯಿಂದ ಅವಳ ಅಪ್ಪನನ್ನೇ ನೋಡುತ್ತಿದ್ದೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆದರೆ ಆ ಸೆಖೆಯಲ್ಲಿ ಎಲ್ಲರೂ ಮುಖ ಒರೆಸಿಕೊಳ್ಳುತ್ತಿದ್ದರು. ಅದರಿಂದ ಏನನ್ನೂ ಹೇಳಲಾರೆ.

ನಮಗೆ ಸಮಾಧಾನಕರ ಬಹುಮಾನ ಬಂತು. ಮದುವೆ ಆಯಿತೋ ಇಲ್ಲವೋ ಸ್ಪಷ್ಟವಾಗಲಿಲ್ಲ ಎಂದು ತೀರ್ಪುಗಾರರಲ್ಲಿ ಒಬ್ಬರು ಮೈಕಿನಲ್ಲಿ ಹೇಳಿದರು. ಅಷ್ಟರಲ್ಲಿ ಕರೆಂಟು ಬಂದಿತ್ತು. ಹುಡುಗಿಯರು ಮುಖ ಊದಿಸಿಕೊಂಡರು. ಹೊರಗೆ ಬೇವಿನ ನೆರಳಿನಲ್ಲಿ ಹುಡುಗಿಯ ಅಪ್ಪ ಸಿಕ್ಕ. ನಾನು ಏನಾದರೂ ಹೇಳುವ ಮುಂಚೆ, "ಭಾಳ ಬಿಸಲ ಅದರಿ ಅಕ್ಕೋರೆ. ಬರ್ತೀವಿ. ಕುರಿ ಬಿಟ್ ಬಂದೀವಿ" ಎಂದು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿನತ್ತ ಹೋದ.

ರಾಯಚೂರಿಗೆ ಮರಳುವಾಗ ಮಾರ್ಗದರ್ಶಕರು ತಮ್ಮ ಕಾರಿನಲ್ಲಿ ಕರೆದುಕೊಂಡು ಬಂದರು. ಗಬ್ಬೂರು ದಾಟಿದ ಮೇಲೆ, "ಇದನ್ನ ಬರೀರಿ" ಎಂದರು. "ಅಗ್ಗಿಷ್ಟಿಕೆ ಹ್ಯಾಂಗ ಹೊರಸ ಆತು, ಪಾದ್ರಿ ಯಾಕ ಹೋದ, ಎಲ್ಲಾ ಬರೀರಿ. ನೋಡಿದೋರು ಏನಂದ್ರು ಅಂತನೂ ಕೇಳಿ ಬರೀರಿ."

ಬರೆದೆ. ಆ ಅಧ್ಯಾಯ ಬರೆಯುವಾಗ ಹಾಳೆಗಳ ಮುಂದೆ ಕೂರುವುದು ನನಗೆ ಹೊರೆಯೆನಿಸಲಿಲ್ಲ. ಹುಡುಗಿಯರನ್ನು ಮಾತಾಡಿಸಿದೆ, ಸಹೋದ್ಯೋಗಿಗಳನ್ನು ಕೇಳಿದೆ, ಶೇಂಗಾ ಬಿಡಿಸಿದ ಹೆಂಗಸರ ವಾದವನ್ನೂ ಸೇರಿಸಿದೆ. ಹುಡುಗಿಯ ಅಪ್ಪನನ್ನು ಮಾತ್ರ ಕೇಳಲು ಹೋಗಲಿಲ್ಲ. ಮಾರ್ಗದರ್ಶಕರು ಎರಡು ಸಲ ನೆನಪಿಸಿದರು. ಅದು ಅವರ ಮನೆಯ ಸಂಗತಿ ಸರ್ ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಹುಡುಗಿ ಫೋನು ಮಾಡಿದಳು. ಪದವಿಯ ಕೊನೆಯ ಪರೀಕ್ಷೆ ಪಾಸಾಗಿದ್ದಳು. "ಮೇಡಂ, ಊಟಕ್ಕ ಬರ್ರಿ. ನಮ್ಮವ್ವ ಕರದಾಳ" ಎಂದಳು. ಭಾನುವಾರ ಹೋದೆ. ಅಂಗಳದಲ್ಲಿ ಕೂತಾಗ ನನಗೆ ನೀರು ತಂದುಕೊಟ್ಟದ್ದು ಒಬ್ಬ ಹೊಸ ಹೆಂಗಸು. ನಗುಮುಖ, ಅವಳ ಕನ್ನಡದಲ್ಲಿ ತೆಲುಗಿನ ಎಳೆತ. "ಈಕಿ ನಮ್ ಚಿಗವ್ವರಿ" ಎಂದು ಹುಡುಗಿ ಪರಿಚಯಿಸಿದಳು. ಅಪ್ಪನೂ, ಅವನಂತೆಯೇ ಉದ್ದಕ್ಕಿದ್ದ ಇನ್ನೊಬ್ಬನೂ ಕುರಿಯ ಹಟ್ಟಿಯ ಕಡೆ ಏನೋ ಬೇಲಿ ಕಟ್ಟುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಬ್ಬ ಮುಳ್ಳು ಹಿಡಿದರೆ ಇನ್ನೊಬ್ಬ ಹಗ್ಗ ಬಿಗಿಯುತ್ತಿದ್ದ.

ರೊಟ್ಟಿ, ಪುಂಡಿಪಲ್ಯ ಬಡಿಸುತ್ತಾ ಹುಡುಗಿಯ ಅವ್ವ ನಡೆದದ್ದನ್ನು ಹೇಳಿದಳು. ದೇವದುರ್ಗದಿಂದ ಬಂದ ಮೇಲೆ ಗಂಡ ನಾಟಕದ ಬಗ್ಗೆ ಏನೂ ಹೇಳಲಿಲ್ಲ. ಯುಗಾದಿ ಹೋಯಿತು. ಒಂದು ಮುಂಜಾನೆ ಎದ್ದು, ಸ್ನಾನ ಮಾಡಿ, ತೆಂಗಿನಕಾಯಿ ತೆಗೆದುಕೊಂಡು ಹೊಲದ ಬದುವಿನಲ್ಲಿರುವ ಅವನವ್ವನ ಸಮಾಧಿಗೆ ಹೋದ. ಬಹಳ ಹೊತ್ತು ಕೂತಿದ್ದ. ಅಲ್ಲಿಂದ ಬಂದವನು ತನ್ನ ಮನೆಗೆ ಬರದೆ ತಮ್ಮನ ಬಾಗಿಲಲ್ಲಿ ನಿಂತ.

"ತಮ್ಮ ಮನ್ಯಾಗ ಇದ್ದಿಲ್ಲ. ಈಕಿ ಒಬ್ಬಾಕೀನ ಇದ್ದಳು. 'ನೀರ್ ಕೊಡವಾ' ಅಂದನಂತ."

ಚಿಗವ್ವ ನಾಚಿ ನಕ್ಕಳು. "ನನಗ ಕನ್ನಡನ ಬರಲಿಲ್ರಿ ಅವತ್ತು. ತೆಲುಗಿನಾಗ ಏನೋ ಅಂದೆ. ಚೊಂಬು ತರಾಕ ಹೋಗಿ ಖಾಲಿ ಚೊಂಬು ತಂದೆ. ಮತ್ತ ಹೋಗಿ ನೀರ್ ತಂದೆ. ಕುಡದ್ರು. ಹೋದ್ರು."

ಅವನು ಸಮಾಧಿಯ ಹತ್ತಿರ ಏನು ಹೇಳಿದ ಎಂದು ಕೇಳಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಇನ್ನೊಂದು ಪ್ರಶ್ನೆಯನ್ನು ಮಾತ್ರ ತಡೆಯಲಾಗಲಿಲ್ಲ. "ಯವ್ವಾ, ನಾಟಕ ನೋಡಿದ್ದಕ್ಕ ಹಿಂಗ ಆತೇನು?" ಎಂದೆ.

ಹುಡುಗಿಯ ಅವ್ವ ಇನ್ನೊಂದು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. "ನಾಟಕಕ್ಕ ಅಂತ ಹ್ಯಾಂಗ ಹೇಳಲಿ ಅಕ್ಕೋರೆ? ನಾ ವರ್ಷಾನಗಟ್ಟಲೆ ಹೇಳೀನಿ. ಊರ ಹಿರ್‍ಯಾರು ಹೇಳ್ಯಾರ. ನಮ್ಮ ಕುರಿ ಜಡ್ಡಾದಾಗ ತಮ್ಮ ಗೋಡಿ ಹಾರಿ ಬಂದು ನೋಡ್ಯಾನ. ಎಲ್ಲಾ ಕೂಡಿ ಆಗಿರಬೇಕು. ಅಂವಗ ಸಾಕಾಗಿತ್ತು. ಹ್ಯಾಂಗ ಇಳಸಬೇಕು ಅಂತ ತಿಳಿದಿದ್ದಿಲ್ಲ."

ಊಟವಾದ ಮೇಲೆ ಅಪ್ಪ ಬಂದು, "ನಿಮ್ ಪರೀಕ್ಷಾ ಮುಗೀತೇನ್ರಿ?" ಎಂದು ಕೇಳಿದ. ಇನ್ನೂ ಇಲ್ಲ ಎಂದೆ. "ನಮ್ಮಾಕಿದು ಮುಗೀತು, ನಿಮ್ಮದಿನ್ನೂ ಇಲ್ಲ" ಎಂದು ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಮೌಖಿಕ ಪರೀಕ್ಷೆ ಅದರ ಮರುವರ್ಷ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕಿ ಪ್ರಬಂಧವನ್ನು ಚೆನ್ನಾಗಿ ಓದಿಕೊಂಡು ಬಂದಿದ್ದರು. "ನಿಮ್ಮ ವಿದ್ಯಾರ್ಥಿನಿಯರು ಕೊನೆಯನ್ನೇ ಬದಲಿಸಿದ್ದಾರೆ. ಇದನ್ನು ರೂಪಾಂತರ ಎನ್ನುತ್ತೀರೋ, ಹೊಸ ನಾಟಕ ಎನ್ನುತ್ತೀರೋ?" ಎಂದು ಕೇಳಿದರು. ಸಿದ್ಧಾಂತಗಳ ಉತ್ತರ ನನ್ನ ಬಳಿ ಇತ್ತು, ಅದನ್ನೂ ಹೇಳಿದೆ. ಆಮೇಲೆ, ಆ ಕಾಲದ ಓದುಗರಿಗೆ ಪಾದ್ರಿಯ ಮಾತು ಸಾಕಾಗಿತ್ತು, ನಮ್ಮ ಹುಡುಗಿಯರಿಗೆ ಸಾಲಲಿಲ್ಲ, ಆದರೆ ಕೊಟ್ಟ ಮಾತಿನ ಭಾರ ಇಬ್ಬರಿಗೂ ಒಂದೇ ಆಗಿತ್ತು, ಆದ್ದರಿಂದ ರೂಪಾಂತರ ಎನ್ನುತ್ತೇನೆ ಎಂದೆ. ಅವರು ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ತಲೆದೂಗಿ ಮುಂದಿನ ಪ್ರಶ್ನೆಗೆ ಹೋದರು. ಕುರ್ಡಿಯ ಅಂಗಳದ ವಾದವೇ ಪ್ರಬಂಧದಲ್ಲಿ ತಮಗೆ ಎಲ್ಲಕ್ಕಿಂತ ಹಿಡಿಸಿತು ಎಂದು ಚಹಾ ಕುಡಿಯುವಾಗ ಹೇಳಿದರು. ಗೋಡೆಯ ಆಚೆಯ ಮನೆಯ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ. ಇಲ್ಲಿ ಬರೆಯುವ ಮುಂಚೆ ಹುಡುಗಿಯ ಮೂಲಕ ಅವಳ ಅಪ್ಪನನ್ನು ಕೇಳಿಸಿದೆ. "ಹೆಸರ ಹಾಕಬ್ಯಾಡ ಅನ್ನು, ಉಳದದ್ದು ಬರೀಲಿ" ಎಂದನಂತೆ.

ಆ ಹುಡುಗಿ ಈಗ ರಾಯಚೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಇಂಗ್ಲಿಷ್ ಅಲ್ಲ, ಅರ್ಥಶಾಸ್ತ್ರ. ಒಂದೊಂದು ಭಾನುವಾರ ನಮ್ಮ ಮನೆಗೆ ಬರುತ್ತಾಳೆ. ಅವ್ವನಿಗೂ ಅವಳಿಗೂ ಒಳ್ಳೆಯ ಗೆಳೆತನ. ನಾಟಕ ಮತ್ತೆ ಮಾಡುತ್ತೀಯಾ ಎಂದರೆ, ಪುರುಸೊತ್ತಿಲ್ಲ ಮೇಡಂ ಎನ್ನುತ್ತಾಳೆ. ನಾನು ಇನ್ನೂ ಮಾನ್ವಿಯ ಬಸ್ಸು ಹಿಡಿಯುತ್ತಿದ್ದೇನೆ. ಹೆಸರಿನ ಮುಂದೆ ಡಾಕ್ಟರ್ ಸೇರಿದೆ, ಕಲ್ಮಲದವರೆಗೆ ನಿಲ್ಲುವುದು ತಪ್ಪಿಲ್ಲ. ಮೊನ್ನೆ ಹೊಸ ತರಗತಿಯ ಹುಡುಗಿಯರು ಸುತ್ತುವರಿದು, ಈ ವರ್ಷವೂ ಒಂದು ನಾಟಕ ಮಾಡಿಸಿ, ಆದರೆ ಯಾರೂ ಸಾಯಬಾರದು, ಜನ ಹೊಟ್ಟೆ ಹಿಡಿದು ನಗಬೇಕು ಎಂದಿದ್ದಾರೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಾಗಲೆಲ್ಲ ಅಂಥದೊಂದು ಹಳೆಯ ಕಥೆಯನ್ನು ಹುಡುಕುತ್ತಾ ಓದುತ್ತಿದ್ದೇನೆ.